ಸರಮೆ ಎಂಬ ಹೆಸರು

ಮನುಷ್ಯನು ಪಳಗಿಸಿದ ಪ್ರಾಣಿಗಳಲ್ಲಿ ನಾಯಿಯೇ ಮೊದಲನೆಯದು. ಬೇಸಾಯವನ್ನು ಕಲಿಯುವುದಕ್ಕೆ ಮುಂಚೆಯೇ ಅವನು ನಾಯಿಯ ಗೆಳೆತನವನ್ನು ಸಂಪಾದಿಸಿದ್ದನು. ಮನೆಗೆ ತಂದ ಮರಿಗೆ ಹೆಸರಿಡುವುದು ಈ ಗೆಳೆತನದ ಮೊದಲ ಹೆಜ್ಜೆ. ಹೆಸರಿಲ್ಲದ ನಾಯಿ ಹತ್ತರಲ್ಲಿ ಹನ್ನೊಂದು. ಹೆಸರು ಪಡೆದ ನಾಯಿ ಮನೆಯವರಲ್ಲಿ ಒಂದು ಜೀವ.

ಆದರೆ ಹೆಣ್ಣುಮರಿಗೆ ಈ ಭಾಗ್ಯ ಸುಲಭವಾಗಿ ಒದಗುವುದಿಲ್ಲ. ಗಂಡುಮರಿಯನ್ನು ಕೇಳಿ ಕೊಂಡೊಯ್ಯುವವರು ಹೆಣ್ಣುಮರಿ ಬೇಡವೆಂದು ಬಿಟ್ಟುಹೋಗುವುದುಂಟು. ಮರಿಹಾಕುವ ಪ್ರಾಣಿಯ ಹೊಣೆ ತಮಗೇಕೆಂದು ಅದನ್ನು ಬೀದಿಗೆ ಬಿಡುವವರೂ ಉಂಟು. ಇಂಥ ಮರಿಗೆ ಸಾಹಿತ್ಯದಿಂದ ಒಂದು ಹೆಸರನ್ನು ಆರಿಸಹೊರಟವರು ಎರಡು ಸಂಗತಿಗಳನ್ನು ಗಮನಿಸಬೇಕು. ಹೆಸರು ಕರೆಯಲು ಸುಲಭವಾಗಿರಬೇಕು. ಅದರ ಹಿಂದಿರುವ ಕಥೆಯು ಆ ಜೀವಕ್ಕೆ ಗೌರವವನ್ನು ತರಬೇಕು.

ಮೊದಲನೆಯ ಸಂಗತಿಯನ್ನು ಪ್ರಾಚೀನರು ಚೆನ್ನಾಗಿ ಅರಿತಿದ್ದರು. ಗ್ರೀಕ್ ಲೇಖಕ ಕ್ಸೆನೊಫನ್ನನ ಹೆಸರಿನಲ್ಲಿರುವ ಬೇಟೆಯ ಗ್ರಂಥವು, ಕರೆಯಲು ಅನುಕೂಲವಾಗುವಂತೆ ನಾಯಿಗಳಿಗೆ ಚಿಕ್ಕ ಹೆಸರುಗಳನ್ನಿಡಬೇಕೆಂದು ಹೇಳಿ, ಅಂಥ ಹೆಸರುಗಳ ಪಟ್ಟಿಯನ್ನೇ ಕೊಡುತ್ತದೆ. ಕ್ರಿಸ್ತಶಕ 1ನೆಯ ಶತಮಾನದ ರೋಮನ್ ಕೃಷಿಶಾಸ್ತ್ರಜ್ಞ ಕೊಲುಮೆಲ್ಲನು ಹೆಸರು ಬಹಳ ಉದ್ದವಾಗಿರಬಾರದು, ಎರಡು ಉಚ್ಚಾರಾಂಶಗಳಿಗಿಂತ ಚಿಕ್ಕದೂ ಆಗಿರಬಾರದು ಎಂದನು. ಹೆಣ್ಣುನಾಯಿಗಳಿಗೆ ಅವನು ಸೂಚಿಸಿದ ಹೆಸರುಗಳಲ್ಲಿ ಲೂಪ ಎಂದರೆ ಹೆಣ್ಣುತೋಳ. ಟಿಗ್ರಿಸ್ ಎಂದರೆ ಹುಲಿ. ಅವು ದುರ್ಬಲತೆಯನ್ನಲ್ಲ, ಶಕ್ತಿಯನ್ನು ಸೂಚಿಸುವ ಹೆಸರುಗಳು.

ಎರಡನೆಯ ಸಂಗತಿಗೆ ಭಾರತದ ಸಾಹಿತ್ಯದಲ್ಲಿ ಸರಮೆಗಿಂತ ಉತ್ತಮ ನಿದರ್ಶನವನ್ನು ಹುಡುಕುವುದು ಕಷ್ಟ. ಋಗ್ವೇದದ 10ನೆಯ ಮಂಡಲದ 108ನೆಯ ಸೂಕ್ತದಲ್ಲಿ ಆಕೆ ಇಂದ್ರನ ದೂತಿ. ಪರಂಪರೆಯು ಆಕೆಯನ್ನು ದೇವಶುನಿ, ಎಂದರೆ ದೇವತೆಗಳ ಹೆಣ್ಣುನಾಯಿ, ಎಂದು ಗುರುತಿಸಿದೆ. ಪಣಿಗಳೆಂಬವರು ಗೋವುಗಳನ್ನು ಬಚ್ಚಿಟ್ಟಾಗ ಸರಮೆಯು ರಸಾ ಎಂಬ ನದಿಯನ್ನು ದಾಟಿ ಅವರಿದ್ದೆಡೆಗೆ ಹೋಗುತ್ತಾಳೆ. ಪಣಿಗಳು ಆಕೆಯನ್ನು ತಮ್ಮ ತಂಗಿಯನ್ನಾಗಿ ಮಾಡಿಕೊಳ್ಳುವುದಾಗಿಯೂ ಗೋವುಗಳಲ್ಲಿ ಪಾಲು ಕೊಡುವುದಾಗಿಯೂ ಆಸೆ ತೋರಿಸುತ್ತಾರೆ. ಶತ್ರುಗಳ ನಡುವೆ ಒಬ್ಬಳೇ ನಿಂತಿದ್ದರೂ ಸರಮೆ ಆ ಆಸೆಗೆ ಒಲಿಯುವುದಿಲ್ಲ.

ಮಹಾಭಾರತದ ಆದಿಪರ್ವದಲ್ಲಿ ಸರಮೆ ತಾಯಿಯಾಗಿ ಕಾಣಿಸಿಕೊಳ್ಳುತ್ತಾಳೆ. ಜನಮೇಜಯನು ಕುರುಕ್ಷೇತ್ರದಲ್ಲಿ ಯಾಗ ಮಾಡುತ್ತಿದ್ದಾಗ ಸರಮೆಯ ಮಗನು ಅಲ್ಲಿಗೆ ಬಂದನು. ರಾಜನ ತಮ್ಮಂದಿರು ಅವನನ್ನು ಹೊಡೆದು ಅಟ್ಟಿದರು. ಅವನು ಹವಿಸ್ಸನ್ನು ನೆಕ್ಕಿರಲಿಲ್ಲ; ಅದರ ಕಡೆ ನೋಡಿಯೂ ಇರಲಿಲ್ಲ. ಅಳುತ್ತ ಬಂದ ಮಗನನ್ನು ಕಂಡ ಸರಮೆ ಯಾಗಶಾಲೆಗೇ ಹೋಗಿ, ತಪ್ಪು ಮಾಡದವನನ್ನು ಹೊಡೆದದ್ದೇಕೆಂದು ಪ್ರಶ್ನಿಸಿದಳು. ಯಾರೂ ಉತ್ತರ ಕೊಡಲಿಲ್ಲ. ಅರಿಯದ ಕಡೆಯಿಂದ ನಿಮಗೆ ಭಯವು ಬರಲಿ ಎಂದು ಆಕೆ ಶಪಿಸಿದಳು. ರಾಜನು ಕಳವಳಗೊಂಡು, ಆ ಶಾಪವನ್ನು ಪರಿಹರಿಸಬಲ್ಲ ಪುರೋಹಿತನನ್ನು ಅರಸುತ್ತ ಹೊರಟನು. ಮೂಕಪ್ರಾಣಿಗೆ ಮಾಡಿದ ಅನ್ಯಾಯವೂ ಅನ್ಯಾಯವೇ ಎಂಬ ಮಾತು ಹೀಗೆ ಮಹಾಕಾವ್ಯದ ಆರಂಭದ ಭಾಗದಲ್ಲಿಯೇ ಕೇಳಿಬರುತ್ತದೆ.

ಹೆಸರು ಉಳಿದರೆ ನಾಯಿಯ ನೆನಪೂ ಉಳಿಯುತ್ತದೆ ಎಂಬುದಕ್ಕೆ ಕನ್ನಡ ನಾಡಿನಲ್ಲಿಯೇ ಸಾಕ್ಷಿಯಿದೆ. ಮಂಡ್ಯ ಜಿಲ್ಲೆಯ ಆತಕೂರಿನ 10ನೆಯ ಶತಮಾನದ ಶಾಸನವು ಮಣಲೇರನೆಂಬ ವೀರನು ಬೇಡಿ ಪಡೆದ ಕಾಳಿ ಎಂಬ ಬೇಟೆನಾಯಿಯನ್ನು ಸ್ಮರಿಸುತ್ತದೆ. ಕಾಡುಹಂದಿಯೊಡನೆ ಹೋರಾಡಿ, ಅದರೊಡನೆಯೇ ಕಾಳಿ ಪ್ರಾಣಬಿಟ್ಟಿತು. ಆ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಸರಮೆ ಎಂಬ ಹೆಸರು ಚಿಕ್ಕದು. ದೂರದಿಂದ ಕೂಗುವಾಗ ‘ಸರಮಾ’ ಎಂದು ಕೊನೆಯ ಸ್ವರವನ್ನು ಎಳೆಯಲೂ ಅನುಕೂಲ. ಆದರೆ ಸಾಹಿತ್ಯದಿಂದ ತಂದ ಹೆಸರು ಕೊರಳಿಗೆ ಕಟ್ಟುವ ಒಡವೆಯಲ್ಲ. ಸರಮೆ ಎಂದು ಕರೆದು, ಹೊತ್ತುಹೊತ್ತಿಗೆ ಅನ್ನ ನೀರು ಕೊಡದೆ, ಬಿಸಿಲಿನಲ್ಲಿ ಸರಪಳಿಗೆ ಕಟ್ಟಿಹಾಕಿದರೆ ಆ ಹೆಸರಿಗೆ ಅರ್ಥವಿಲ್ಲ. ಕಥೆಯನ್ನು ತಿಳಿದು ಹೆಸರಿಟ್ಟವನು, ಕಾರಣವಿಲ್ಲದೆ ಕೋಲನ್ನೆತ್ತುವ ಮುನ್ನ, ಯಾಗಶಾಲೆಯಲ್ಲಿ ಉತ್ತರವಿಲ್ಲದೆ ಉಳಿದ ಆ ತಾಯಿಯ ಪ್ರಶ್ನೆಯನ್ನು ನೆನೆಯಬೇಕು.