ಸ್ಟೀಲಿಗೆ ಮೊದಲು ಕೋನ: ಕ್ರಾಲರ್ ಡ್ರೈವ್‌ಶಾಫ್ಟ್ ಕಲಿಸಿದ ಪಾಠಗಳು

ರಿಮೋಟಿನಲ್ಲಿ ಬಂಡೆ ಹತ್ತಿಸುವ ರಾಕ್ ಕ್ರಾಲರ್ ಕೊಂಡವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು: ಡ್ರೈವ್‌ಶಾಫ್ಟ್ ಹೋಯಿತು, ಸ್ಟೀಲಿನದು ಹಾಕಿಸಲೇ? ಹತ್ತನೇ ಒಂದರ ಅಳತೆಯ ಈ ಗಾಡಿಗಳಲ್ಲಿ ನಡುವಿನ ಗೇರ್‌ಬಾಕ್ಸಿನಿಂದ ಮುಂದಿನ ಆಕ್ಸಲ್‌ಗೆ ಒಂದು, ಹಿಂದಿನ ಆಕ್ಸಲ್‌ಗೆ ಒಂದು ಶಾಫ್ಟ್ ಇರುತ್ತದೆ. ಬೆರಳುದ್ದದ ಈ ಕಡ್ಡಿಗಳೇ ಮೋಟಾರಿನ ಬಲವನ್ನೆಲ್ಲ ಚಕ್ರಕ್ಕೆ ಮುಟ್ಟಿಸಬೇಕು, ಸಸ್ಪೆನ್ಷನ್ ಏರಿಳಿದಂತೆ ಉದ್ದ ಗಿಡ್ಡವಾಗಬೇಕು, ಓರೆಯಾಗಿಯೂ ತಿರುಗಬೇಕು. ಮೂರು ಕೆಲಸವೂ ಒಟ್ಟಿಗೇ ಬಿದ್ದಾಗ ಮುರಿಯುತ್ತವೆ. ಸ್ಟೀಲ್ ಹಾಕಿಸಬಾರದು ಎಂದು ನಾನು ಹೇಳುವುದಿಲ್ಲ. ಆದರೆ ಅದಕ್ಕೆ ಮೊದಲು ನೋಡಬೇಕಾದ್ದು ಬಹಳಷ್ಟಿದೆ. ಅದನ್ನು ನೋಡದೆ ಹಾಕಿದ ಸ್ಟೀಲ್, ಮುರಿತವನ್ನು ಇನ್ನೂ ದುಬಾರಿಯಾದ ಭಾಗಕ್ಕೆ ದಾಟಿಸುತ್ತದೆ, ಅಷ್ಟೆ.

1. ಮುರಿದ ತುಂಡನ್ನು ಎಸೆಯಬೇಡಿ, ಓದಿ

ಪ್ಲಾಸ್ಟಿಕ್ ಶಾಫ್ಟ್ ತಿರುಚಿಕೊಂಡು ಬೆಳ್ಳಗಾಗಿ ಸುರುಳಿಯಾಗಿ ಹರಿದಿದ್ದರೆ ಅದು ನಿಜವಾಗಿಯೂ ತಿರುಚುಬಲ ಮೀರಿದ ಗುರುತು. ಒಂದರೊಳಗೊಂದು ಜಾರುವ ಎರಡು ತುಂಡುಗಳಲ್ಲಿ ಹೊರಗಿನ ಕೊಳವೆಯ ಬಾಯಿ ಉದ್ದುದ್ದ ಸೀಳಿದ್ದರೆ, ಒಳಗಿನ ಕಡ್ಡಿ ತುದಿಯಲ್ಲಷ್ಟೇ ಹಿಡಿದುಕೊಂಡಿತ್ತು ಎಂದರ್ಥ. ಶಾಫ್ಟಿನ ತುದಿಯಲ್ಲಿ ಜಾಯಿಂಟನ್ನು ಹಿಡಿಯುವ ಬಟ್ಟಲಿನಂಥ ಕಪ್ಪಿನ ಕಿವಿಗಳು ಅಗಲವಾಗಿ, ಅಂಚಿನಲ್ಲಿ ಉಜ್ಜಿದ ಹೊಳಪು ಕಂಡರೆ ಕೋನ ಅತಿಯಾಗಿದೆ. ಪಿನ್ನಿನ ತೂತು ಮೊಟ್ಟೆಯಾಕಾರವಾಗಿದ್ದರೆ ಸ್ಕ್ರೂ ಸಡಿಲವಾಗಿಯೇ ಬಹಳ ದಿನ ಓಡಿದೆ. ತುದಿ ಜಜ್ಜಿದಂತಿದ್ದರೆ ಸಸ್ಪೆನ್ಷನ್ ಒತ್ತಿದಾಗ ಶಾಫ್ಟ್ ಗಿಡ್ಡವಾಗಲು ಜಾಗವೇ ಇರಲಿಲ್ಲ. ಈ ಐದರಲ್ಲಿ ಮೊದಲನೆಯದಕ್ಕೆ ಮಾತ್ರ ಹೆಚ್ಚು ಗಟ್ಟಿಯಾದ ಶಾಫ್ಟ್ ನೇರ ಉತ್ತರ.

2. ಹತ್ತುವಾಗಲ್ಲ, ಸಿಕ್ಕಿಕೊಂಡಾಗ ಮುರಿಯುತ್ತದೆ

ಒಂದು ಲೆಕ್ಕ ಮಾಡಿ ನೋಡೋಣ. ಗಾಡಿ 3 ಕೆ.ಜಿ. ಇದೆ ಎಂದುಕೊಳ್ಳಿ, ಅಂದರೆ ಸುಮಾರು 30 ನ್ಯೂಟನ್ ತೂಕ. ಟೈರಿನ ತ್ರಿಜ್ಯ 57 ಮಿ.ಮೀ. ಹಿಡಿತ ಚೆನ್ನಾಗಿದ್ದು ತೂಕದಷ್ಟೇ ಎಳೆತ ಸಿಕ್ಕಿತು ಎಂದರೂ ಚಕ್ರಗಳಲ್ಲಿ ಒಟ್ಟು 1.7 ನ್ಯೂಟನ್ ಮೀಟರ್ ತಿರುಚುಬಲ. ಆಕ್ಸಲ್ ಗೇರ್ 3.75 ಪಟ್ಟಿನದಾದರೆ ಶಾಫ್ಟಿನ ಪಾಲಿಗೆ ಬರುವುದು ಅರ್ಧ ನ್ಯೂಟನ್ ಮೀಟರ್‌ಗಿಂತ ಕಡಿಮೆ. ಕಡಿದಾದ ಏರಿನಲ್ಲಿ ಭಾರವೆಲ್ಲ ಹಿಂದಕ್ಕೆ ವಾಲಿ ಒಂದೇ ಶಾಫ್ಟ್ ಎಲ್ಲವನ್ನೂ ಹೊತ್ತರೂ ಅಷ್ಟೇ. ಅದಕ್ಕಿಂತ ಹೆಚ್ಚಾಗುವ ಮೊದಲೇ ಟೈರ್ ಜಾರುತ್ತದೆ. ಟೈರ್ ಜಾರುವುದೇ ಶಾಫ್ಟಿಗೆ ರಕ್ಷೆ.

ಚಕ್ರ ಬಂಡೆಯ ಬಿರುಕಿನಲ್ಲಿ ಸಿಕ್ಕಿಕೊಂಡಾಗ ಈ ರಕ್ಷೆ ಇಲ್ಲವಾಗುತ್ತದೆ. ಆಗ ಶಾಫ್ಟಿನ ಮೇಲೆ ಬೀಳುವುದು ಮೋಟಾರಿನ ಪೂರ್ಣ ಬಲ. 0.2 ನ್ಯೂಟನ್ ಮೀಟರ್ ಕೊಡಬಲ್ಲ ಮೋಟಾರ್, ಶಾಫ್ಟಿಗೆ ಮುಂಚೆ ಹತ್ತು ಪಟ್ಟು ಗೇರ್ ಇಳಿತ ಎಂದಿಟ್ಟುಕೊಂಡರೆ 2 ನ್ಯೂಟನ್ ಮೀಟರ್. ಹತ್ತುವಾಗಿನ ಭಾರದ ನಾಲ್ಕು ಪಟ್ಟಿಗೂ ಮೇಲೆ. ಹಾಗಾಗಿ ಚಕ್ರ ತಿರುಗದೆ ಗಾಡಿ ಮುಲುಗಿದ ಕ್ಷಣ ಬೆರಳು ತೆಗೆಯಿರಿ, ಹಿಂದಕ್ಕೆ ಬನ್ನಿ, ಬೇರೆ ದಾರಿ ಹಿಡಿಯಿರಿ. ಶಾಫ್ಟನ್ನು ಬಲಪಡಿಸುವ ಅತಿ ಅಗ್ಗದ ವಿಧಾನ ಇದು.

ಬೆಂಗಳೂರಿನ ಸುತ್ತಣ ಒರಟು ಗ್ರಾನೈಟಿನ ಹಾಸುಬಂಡೆಗಳಲ್ಲಿ ಒಣಗಿದ ದಿನ ಮೆತ್ತನೆಯ ಟೈರು ಜಾರುವುದೇ ಇಲ್ಲ ಎನ್ನುವಷ್ಟು ಹಿಡಿಯುತ್ತದೆ. ಹತ್ತುವುದು ಸಂಭ್ರಮ, ಆದರೆ ಶಾಫ್ಟಿನ ಮೇಲಿನ ಹೊರೆಯೂ ಅಷ್ಟೇ ಏರುತ್ತದೆ. (ರಾಮನಗರದ ಬಂಡೆಗಳು ಯಾರನ್ನಾದರೂ ಕರೆಯುತ್ತವೆ. ಆದರೆ ರಾಮದೇವರ ಬೆಟ್ಟ ರಣಹದ್ದುಗಳ ಧಾಮ. ಅಲ್ಲಿಗೆ ಗಾಡಿ ಒಯ್ಯಬೇಡಿ. ಬಂಡೆಗೆ ನಮ್ಮಲ್ಲಿ ಬರವಿಲ್ಲ.)

3. ಕೋನವೇ ಮೊದಲ ಶತ್ರು

ಎರಡು ಯೋಕ್, ನಡುವೆ ಒಂದು ಕ್ರಾಸ್: ಲಾರಿಯ ಪ್ರೊಪೆಲ್ಲರ್ ಶಾಫ್ಟಿನಲ್ಲಿ ಇರುವ ಯೂನಿವರ್ಸಲ್ ಜಾಯಿಂಟೇ ಇಲ್ಲಿಯೂ ಇರುವುದು. ಓರೆಯಾಗಿ ತಿರುಗುವಾಗ ಅದರ ಎರಡು ಬದಿಗಳೂ ಒಂದೇ ವೇಗದಲ್ಲಿ ಸುತ್ತುವುದಿಲ್ಲ. ಒಂದು ಬದಿ ಸಮನಾಗಿ ಸುತ್ತುತ್ತಿದ್ದರೂ ಇನ್ನೊಂದು ಬದಿ ಪ್ರತಿ ಸುತ್ತಿಗೆ ಎರಡು ಸಲ ಮುಂದಕ್ಕೆ ಓಡಿ ಎರಡು ಸಲ ಹಿಂದೆ ಬೀಳುತ್ತದೆ. ಕೋನ 15 ಡಿಗ್ರಿ ಇದ್ದರೆ ಈ ಏರಿಳಿತ ಶೇ. 3–4ರ ಒಳಗೆ, ಗಮನಕ್ಕೂ ಬರುವುದಿಲ್ಲ. 30 ಡಿಗ್ರಿಯಲ್ಲಿ ವೇಗ 0.87ರಿಂದ 1.15 ಪಟ್ಟಿನವರೆಗೆ ತೂಗಾಡುತ್ತದೆ. 45 ಡಿಗ್ರಿಯಲ್ಲಿ 0.71ರಿಂದ 1.41. ನಿಧಾನವಾಗಿ ಹತ್ತುವಾಗ ಗಾಡಿ ಕುಪ್ಪಳಿಸಿ ಕುಪ್ಪಳಿಸಿ ಹೋಗುತ್ತಿದೆ ಅನ್ನಿಸಿದರೆ ಮೋಟಾರನ್ನು ಬೈಯುವ ಮುನ್ನ ಶಾಫ್ಟಿನ ಕೋನ ನೋಡಿ.

ಇದಕ್ಕೆ ಪರಿಹಾರ ಜಾಯಿಂಟಿನಲ್ಲೇ ಇದೆ. ಎರಡು ತುದಿಯ ಕೋನಗಳು ಸಮವಾಗಿದ್ದು, ಶಾಫ್ಟಿನ ಎರಡೂ ಯೋಕ್‌ಗಳು ಒಂದೇ ಸಾಲಿನಲ್ಲಿ ನಿಂತಿದ್ದರೆ ಒಂದು ಜಾಯಿಂಟ್ ಮಾಡಿದ ಏರಿಳಿತವನ್ನು ಇನ್ನೊಂದು ಅಳಿಸಿಹಾಕುತ್ತದೆ. ಉದ್ದ ಗಿಡ್ಡವಾಗುವ ಸ್ಲೈಡರನ್ನು ಬಿಚ್ಚಿ ಮತ್ತೆ ಸೇರಿಸುವಾಗ ಸ್ಪ್ಲೈನ್, ಅಂದರೆ ಅದರ ಉದ್ದನೆಯ ಹಲ್ಲುಗಳು, ಜಾಗ ತಪ್ಪಿ ಯೋಕ್‌ಗಳು ಒಂದಕ್ಕೊಂದು ಅಡ್ಡ ನಿಂತರೆ ಏರಿಳಿತ ಅಳಿಯುವ ಬದಲು ಕೂಡಿಕೊಳ್ಳುತ್ತದೆ. ಸೇರಿಸುವ ಮೊದಲು ಎರಡೂ ತುಂಡಿನ ಮೇಲೆ ಬಿಳಿ ಪೆಯಿಂಟಿನ ಚುಕ್ಕೆ ಇಡಿ.

ಗಾಡಿಯನ್ನು ಎತ್ತರಿಸಲು ಉದ್ದನೆಯ ಶಾಕ್ ಹಾಕುವುದು ಎಲ್ಲರಿಗೂ ಬರುವ ಆಸೆ. ಎತ್ತರ ಕೊಟ್ಟಷ್ಟೂ ಶಾಫ್ಟ್ ಕಡಿದಾಗುತ್ತದೆ, ಗಾಡಿ ಪಕ್ಕಕ್ಕೆ ಉರುಳುವುದೂ ಸುಲಭವಾಗುತ್ತದೆ. ತಗ್ಗಾಗಿ ಕೂತ ಗಾಡಿಯನ್ನೇ ನಾನು ಇಷ್ಟಪಡುತ್ತೇನೆ. ಎತ್ತರ ಬೇಕೇ ಬೇಕೆಂದರೆ ದೊಡ್ಡ ಟೈರು ಹಾಕಿ, ಶಾಕನ್ನು ಮುಟ್ಟಬೇಡಿ. ಮೇಲಿನ ಲಿಂಕ್‌ಗಳ ಉದ್ದ ಬದಲಿಸಿ ಆಕ್ಸಲ್ಲಿನ ಪಿನಿಯನ್ ಮೂತಿಯನ್ನು (ಶಾಫ್ಟ್ ಬಂದು ಸೇರುವ ತುದಿಯನ್ನು) ಸ್ವಲ್ಪ ಮೇಲಕ್ಕೆ ಎತ್ತಿದರೆ ಆಕ್ಸಲ್ ತುದಿಯ ಕೋನ ಇಳಿಯುತ್ತದೆ. ಆದರೆ ಅತಿಯಾಗಿ ಎತ್ತಿದರೆ ಎರಡು ತುದಿಗಳ ಸಮತೋಲ ಕೆಡುತ್ತದೆ. ಹಿಂದಿನ ಆಕ್ಸಲ್‌ನಲ್ಲಿ ಇದು ಸಲೀಸು. ಮುಂದಿನದರಲ್ಲಿ ಮೂತಿ ಎತ್ತಿದಷ್ಟೂ ಸ್ಟಿಯರಿಂಗಿನ ಕ್ಯಾಸ್ಟರ್ ಕಡಿಮೆಯಾಗಿ, ತಿರುಗಿದ ಚಕ್ರ ತಾನಾಗಿ ನೇರಕ್ಕೆ ಬರುವುದಿಲ್ಲ. ತುದಿಯ ಸಿ-ಹಬ್‌ಗಳನ್ನು ಬೇರೆ ಕೋನಕ್ಕೆ ತಿರುಗಿಸಿ ಕೂರಿಸಬಹುದಾದ ಆಕ್ಸಲ್ ಇದ್ದರೆ ಮಾತ್ರ ಎರಡನ್ನೂ ಉಳಿಸಿಕೊಳ್ಳಬಹುದು. ಆಕ್ಸಿಯಲ್ ಕಂಪನಿಯ ಎಸ್‌ಸಿಎಕ್ಸ್10 2 ಗಾಡಿಯ ಎಆರ್44 ಆಕ್ಸಲ್‌ನಲ್ಲಿ ಪಿನಿಯನ್ ನಡುಮಟ್ಟಕ್ಕಿಂತ ಮೇಲೆ ಕೂರುತ್ತದೆ. ಶಾಫ್ಟ್ ಬಂಡೆಗೆ ತಾಗುವುದೂ ಕಡಿಮೆ, ಕೋನವೂ ಸೌಮ್ಯ. ಹೊಸ ಗಾಡಿ ಆರಿಸುವವರು ಇಂಥದ್ದನ್ನು ನೋಡಿ ಆರಿಸಬೇಕು.

4. ಉದ್ದವನ್ನು ಸ್ಪ್ರಿಂಗ್ ತೆಗೆದು ಅಳೆಯಿರಿ

ಮೇಜಿನ ಮೇಲೆ ನಿಂತ ಗಾಡಿಯಲ್ಲಿ ಶಾಫ್ಟ್ ಸರಿಯಾಗಿಯೇ ಕಾಣುತ್ತದೆ. ಶಾಕ್‌ಗಳ ಸ್ಪ್ರಿಂಗ್ ತೆಗೆದು, ಆಕ್ಸಲನ್ನು ಕೈಯಲ್ಲಿ ಹಿಡಿದು ಪೂರ್ತಿ ಮೇಲಕ್ಕೆ ಒತ್ತಿ. ಆಮೇಲೆ ಪೂರ್ತಿ ಕೆಳಕ್ಕೆ ಇಳಿಬಿಡಿ. ಆಮೇಲೆ ಒಂದು ಚಕ್ರ ಮೇಲೆ, ಒಂದು ಕೆಳಗೆ. ಎಲ್ಲ ಸ್ಥಿತಿಯಲ್ಲೂ ಶಾಫ್ಟನ್ನು ಬೆರಳಲ್ಲಿ ಒಂದು ಪೂರ್ಣ ಸುತ್ತು ತಿರುಗಿಸಿ. ಪೂರ್ತಿ ಒತ್ತಿದಾಗ ಒಂದೆರಡು ಮಿಲಿಮೀಟರ್ ಸಂದು ಉಳಿದಿರಬೇಕು. ಪೂರ್ತಿ ಇಳಿದಾಗ ಒಳಗಿನ ಕಡ್ಡಿ ಕನಿಷ್ಠ 10 ಮಿ.ಮೀ. ಆದರೂ ಹೊರ ಕೊಳವೆಯೊಳಗೆ ಇರಬೇಕು. ಸುತ್ತುವಾಗ ಎಲ್ಲಾದರೂ ಗಡುಸಾದರೆ ಕಪ್ಪಿನ ಅಂಚು ತಾಗುತ್ತಿದೆ. ಅದನ್ನು ಹಾಗೇ ಬಿಟ್ಟು ಸ್ಟೀಲ್ ಶಾಫ್ಟ್ ಹಾಕಿದರೆ ಗೇರ್‌ಬಾಕ್ಸಿನ ಹೊರಶಾಫ್ಟು ಬಾಗುತ್ತದೆ.

ವೀಲ್‌ಬೇಸ್ ಬದಲಿಸಿದವರು ಈ ಪರೀಕ್ಷೆಯನ್ನು ಮರೆಯಲೇಬಾರದು.

5. ಗ್ರಬ್ ಸ್ಕ್ರೂ

ಕಪ್ಪನ್ನು ಗೇರ್‌ಬಾಕ್ಸಿಗೂ ಆಕ್ಸಲ್‌ಗೂ ಬಿಗಿಯುವ ತಲೆಯಿಲ್ಲದ ಈ ಸ್ಕ್ರೂ ಸಡಿಲವಾದರೆ ಶಾಫ್ಟ್ ಮುರಿಯದೆಯೇ ಕಳಚಿ ಬೀಳುತ್ತದೆ. ಸ್ಕ್ರೂವನ್ನೂ ತೂತನ್ನೂ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಎಣ್ಣೆ ತೆಗೆಯಿರಿ. ನೀಲಿ ಥ್ರೆಡ್‌ಲಾಕರ್ ಒಂದು ಹನಿ ಹಾಕಿ, ಒಂದು ರಾತ್ರಿ ಬಿಡಿ. ಇದು ಲೋಹಕ್ಕೆ ಲೋಹ ಸೇರುವಲ್ಲಿ ಮಾತ್ರ, ಪ್ಲಾಸ್ಟಿಕ್ಕಿಗೆ ತಾಗಿದರೆ ಕೆಲವು ಬಗೆಯ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಸ್ಕ್ರೂವಿನ ತುದಿ ಶಾಫ್ಟಿನ ಚಪ್ಪಟೆ ಭಾಗದ ಮೇಲೆಯೇ ಕೂರಬೇಕು. ಜಾಯಿಂಟಿನ ಪಿನ್ ಜಾರದಂತೆ ಕಪ್ಪಿನ ಮೇಲೆ ಹೀಟ್‌ಶ್ರಿಂಕ್ ಕೊಳವೆಯ ತುಂಡೊಂದನ್ನು ಬಿಗಿದರೆ ಚಿಂತೆಯೇ ಇಲ್ಲ.

6. ಪ್ಲಾಸ್ಟಿಕ್ ಶಾಫ್ಟನ್ನು ಹೊರಗಿನಿಂದ ಬಲಪಡಿಸಿ

ನಡುವೆ ತೂತು ಕೊರೆದು ಸ್ಟೀಲ್ ಕಡ್ಡಿ ತುರುಕುವ ಉಪಾಯ ಹಲವರಿಗೆ ಹೊಳೆಯುತ್ತದೆ. ಸ್ಟೀಲ್ ಗಟ್ಟಿ, ನಿಜ. ಆದರೆ ನೈಲಾನಿಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ತಿರುಚುವಾಗ ಕಡ್ಡಿ ಒಳಗೇ ಜಾರುತ್ತದೆ, ಕೊರೆದು ತೆಳುವಾದ ಗೋಡೆ ಸೀಳುತ್ತದೆ.

ಮೊದಲು ಸೋಲುವುದು ಹೊರ ಕೊಳವೆಯ ಬಾಯಿ. ಹಾಗಾಗಿ ಕಟ್ಟು ಹಾಕಬೇಕಾದ್ದು ಅಲ್ಲಿಗೆ. ಅಳತೆಗೆ ಒಪ್ಪುವ ಹಿತ್ತಾಳೆ ಕೊಳವೆಯಿಂದ 10–12 ಮಿ.ಮೀ. ಉದ್ದದ ಬಳೆ ಕತ್ತರಿಸಿ ಬಿಗಿಯಾಗಿ ಕೂರಿಸಿ. ಕೊಳವೆ ಸಿಗದಿದ್ದರೆ ಗಟ್ಟಿ ದಾರವನ್ನು ಒತ್ತೊತ್ತಾಗಿ ಸುತ್ತಿ ಮೇಲೆ ಸೂಪರ್ ಗ್ಲೂ ಹನಿಸಿ. ಅಂಟು ಬಾಯಿಯೊಳಕ್ಕೆ ಇಳಿಯದಂತೆ ನೋಡಿಕೊಳ್ಳಿ. ಎರಡೂ ಚೆನ್ನಾಗಿ ಬಾಳುತ್ತವೆ. ಬಳೆ ಹಾಕಿದ ಮೇಲೆ ಅದು ಲಿಂಕಿಗೋ ಅಡಿಯ ತಟ್ಟೆಗೋ ಉಜ್ಜುತ್ತಿಲ್ಲವೇ ಎಂದು ನಾಲ್ಕನೇ ಪಾಠದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ.

ಶಾಫ್ಟ್ ನೈಲಾನಿನದಾದರೆ ಇನ್ನೊಂದು ಮಾತು. ಪೂರ್ತಿ ಒಣಗಿದ ನೈಲಾನ್ ಪೆಡಸು. ಸ್ವಲ್ಪ ನೀರು ಹೀರಿದ ನೈಲಾನ್ ಬಿಗಿತ ಕಳೆದುಕೊಂಡರೂ ಹೊಡೆತ ತಾಳುತ್ತದೆ. ಲೋಹದ ಭಾಗಗಳನ್ನು ಬಿಚ್ಚಿಟ್ಟು ಬಿಸಿನೀರಿನಲ್ಲಿ ನೆನೆಸಿಡಬಹುದು.

7. ಸ್ಟೀಲೇ ಬೇಕೆಂದಾಗ

ದುಂಡುಕಡ್ಡಿಯ ತಿರುಚು ತಾಳಿಕೆ ವ್ಯಾಸದ ಘನದ ಪ್ರಮಾಣದಲ್ಲಿ ಏರುತ್ತದೆ. 5 ಮಿ.ಮೀ. ಕಡ್ಡಿಯನ್ನು 6ಕ್ಕೆ ಏರಿಸಿದರೆ ಅದೇ ಲೋಹದಲ್ಲಿ ತಾಳಿಕೆ ಸುಮಾರು 1.7 ಪಟ್ಟು. ಆದ್ದರಿಂದ ದಪ್ಪ ನೋಡಿ, ಹೊಳಪನ್ನಲ್ಲ. ಅಲ್ಯೂಮಿನಿಯಂ ಶಾಫ್ಟ್ ಚೆಂದ ಕಾಣುತ್ತದೆ. ಆದರೆ ಜಾರುವ ಸ್ಪ್ಲೈನ್ ಬೇಗ ಸವೆದು ಸಡಿಲವಾಗುತ್ತದೆ. ನಾನದನ್ನು ಯಾರಿಗೂ ಹೇಳುವುದಿಲ್ಲ. ಹದಗೊಳಿಸಿದ ಸ್ಟೀಲೇ ಸರಿ. ಅದರ ತೂಕವೂ ಗಾಡಿಯ ಅಡಿಯಲ್ಲೇ ಕೂರುವುದರಿಂದ ನಷ್ಟವೇನಿಲ್ಲ.

ಕಡ್ಡಿಯ ನಂತರ ಪಿನ್. ಆಕ್ಸಿಯಲ್ ತನ್ನ ಡಬ್ಲ್ಯುಬಿ8 ಶಾಫ್ಟಿನ ಎಚ್‌ಡಿ ಆವೃತ್ತಿ ತಂದಾಗ ಕ್ರಾಸ್ ಪಿನ್ನನ್ನು 2ರಿಂದ 2.5 ಮಿ.ಮೀ.ಗೆ ದಪ್ಪ ಮಾಡಿತು. ಘನದ ಲೆಕ್ಕ ಬಾಗುವುದಕ್ಕೂ ಅನ್ವಯಿಸುತ್ತದೆ, ಅಂದರೆ ಸುಮಾರು ಎರಡು ಪಟ್ಟು. ಸವೆದ ಪಿನ್ನಿಗೆ ಬದಲಾಗಿ ನೀಡಲ್ ಬೇರಿಂಗಿನ ರೋಲರ್ ಹುಡುಕಿ. ಹದಗೊಳಿಸಿ ನುಣ್ಣಗೆ ಉಜ್ಜಿದ ಉಕ್ಕು, ಅಳತೆ ಖಚಿತ. ಡ್ರಿಲ್ ಬಿಟ್ ಕತ್ತರಿಸಿ ಪಿನ್ ಮಾಡುವುದು ಬೇಡ, ಪೆಡಸಾದ ಬಿಟ್ ಬಾಗದೆ ಒಮ್ಮೆಗೇ ತುಂಡಾಗುತ್ತದೆ.

ವಿದೇಶದಿಂದ ಬಿಡಿಭಾಗ ತರಿಸುವಾಗ ಸುಂಕವೂ ಕಾಯುವಿಕೆಯೂ ಸೇರಿಕೊಳ್ಳುತ್ತವೆ. ಪೀಣ್ಯದಂಥ ಕಡೆ ಸಣ್ಣ ಲೇತ್ ಅಂಗಡಿಗಳಿವೆ. ಬಳೆ, ಪಿನ್, ಅಡಾಪ್ಟರ್ ಇವನ್ನು ಅಲ್ಲಿ ಮಾಡಿಸಬಹುದು. ಸ್ಪ್ಲೈನ್ ಕೊರೆಯುವುದು ಬರೀ ಲೇತಿನಲ್ಲಿ ಆಗುವ ಕೆಲಸವಲ್ಲ, ಅದನ್ನು ಕೊಂಡೇ ತರಬೇಕು.

8. ಮುಂದೆ ಏನು ಮುರಿಯಬೇಕು ಎಂದು ನೀವೇ ತೀರ್ಮಾನಿಸಿ

ಮೋಟಾರಿನಿಂದ ಟೈರಿನವರೆಗಿನ ಸಾಲಿನಲ್ಲಿ ಏನೋ ಒಂದು ಎಲ್ಲಕ್ಕಿಂತ ಮೆತ್ತಗಿರುತ್ತದೆ. ಮನೆಯ ಫ್ಯೂಸಿನ ಹಾಗೆ, ಅದು ಅಗ್ಗದ್ದೂ ಕೈಗೆಟಕುವಂಥದ್ದೂ ಆಗಿರಲಿ. ಶಾಫ್ಟನ್ನು ಸ್ಟೀಲ್ ಮಾಡಿದ ಮೇಲೆ ಆ ಪಾತ್ರ, ಹೊರೆ ಮೀರಿದಾಗ ಜಾರಿಕೊಡುವ ಸ್ಲಿಪ್ಪರ್ ಕ್ಲಚ್ಚಿಗೆ ಹೋಗಬೇಕು. ಅದನ್ನು ಪೂರ್ತಿ ಬಿಗಿದಿದ್ದರೆ ಪಿನಿಯನ್ ಹಲ್ಲು ಹೋಗುತ್ತದೆ, ಆಕ್ಸಲ್ ಬಿಚ್ಚಬೇಕು. ಚಕ್ರಗಳನ್ನು ಅಲ್ಲಾಡದಂತೆ ಹಿಡಿದು ಥ್ರಾಟಲ್ ಒತ್ತಿದಾಗ ಕ್ಲಚ್ ಜಾರಲು ತೊಡಗುವಷ್ಟು ಸಡಿಲಿಸಿ, ಹತ್ತುವಾಗ ಜಾರದಷ್ಟು ಬಿಗಿಗೊಳಿಸಿ.

ಶಾಫ್ಟಿನ ಹೊರೆ ಇಳಿಸುವ ಇನ್ನೊಂದು ದಾರಿ, ಗೇರ್ ಇಳಿತವನ್ನು ಶಾಫ್ಟಿನಿಂದಾಚೆಗೆ ಸರಿಸುವುದು. 2017ರಲ್ಲಿ ಬಂದ ಟ್ರಾಕ್ಸಾಸ್ ಕಂಪನಿಯ ಟಿಆರ್‌ಎಕ್ಸ್-4 ಗಾಡಿಯ ಪೋರ್ಟಲ್ ಆಕ್ಸಲ್‌ಗಳು ಮಾಡುವುದು ಇದನ್ನೇ. ಕೊನೆಯ ಇಳಿತ ಚಕ್ರದ ಪಕ್ಕದಲ್ಲೇ ಆಗುವುದರಿಂದ ಅದಕ್ಕೂ ಮುಂಚಿನ ಶಾಫ್ಟ್‌ಗಳು ಕಡಿಮೆ ತಿರುಚಿಕೊಳ್ಳುತ್ತವೆ. ನೇರ ಆಕ್ಸಲ್‌ನಲ್ಲೂ 30/8 ಹಲ್ಲಿನ ಗೇರಿನ ಜಾಗದಲ್ಲಿ 33/8ರದ್ದು ಹಾಕಿದರೆ ಅದೇ ಎಳೆತಕ್ಕೆ ಶಾಫ್ಟಿನ ಹೊರೆ ಶೇ. 9ರಷ್ಟು ಇಳಿಯುತ್ತದೆ. ಇದನ್ನು ಹಿಂದೆ ಮಾತ್ರ ಹಾಕಿದರೆ ಮುಂದಿನ ಚಕ್ರ ಬೇಗ ಸುತ್ತಿ ಗಾಡಿಯನ್ನು ಎಳೆಯುತ್ತದೆ, ಬಂಡೆಯಲ್ಲಿ ಒಳ್ಳೆಯದೇ. ಆದರೆ ಹಿಡಿತವಿರುವ ಸಿಮೆಂಟ್ ನೆಲದಲ್ಲಿ ದೂರ ಓಡಿಸಬೇಡಿ, ಎರಡು ಶಾಫ್ಟೂ ಒಂದರ ವಿರುದ್ಧ ಒಂದು ತಿರುಚಿಕೊಳ್ಳುತ್ತವೆ.

9. ಇಎಸ್‌ಸಿಯಲ್ಲೂ ಶಾಫ್ಟಿನ ಆಯುಸ್ಸಿದೆ

ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿಯಲ್ಲಿ ಪಂಚ್, ಅಂದರೆ ಥ್ರಾಟಲ್ ಒತ್ತಿದಾಗ ಬಲ ನುಗ್ಗುವ ರಭಸ, ಇಳಿಸಿ. ಥ್ರಾಟಲ್ ಬಿಟ್ಟೊಡನೆ ಚಕ್ರವನ್ನು ಹಿಡಿಯುವ ಡ್ರ್ಯಾಗ್ ಬ್ರೇಕ್ ಪೂರ್ತಿ ಇರುವಾಗ ಗಾಡಿ ಬಂಡೆಯಿಂದ ಧೊಪ್ಪನೆ ಬಿದ್ದರೆ ಚಕ್ರ ತಿರುಗಿ ತಪ್ಪಿಸಿಕೊಳ್ಳುವಂತಿಲ್ಲ, ಹೊಡೆತವೆಲ್ಲ ಶಾಫ್ಟಿಗೇ. ಜಿಗಿಸುವ ಆಸೆ ಇದ್ದವರು ಬ್ರೇಕನ್ನು ಸಡಿಲಿಸಿಟ್ಟುಕೊಳ್ಳಲಿ. ಎರಡು ಸೆಲ್ಲಿನ ಬ್ಯಾಟರಿಯಿಂದ ಮೂರಕ್ಕೆ ಹೋದಾಗ ಸಿಕ್ಕಿಕೊಂಡ ಚಕ್ರದ ಮೇಲಿನ ಬಲವೂ ಏರುತ್ತದೆ ಎಂಬುದು ನೆನಪಿರಲಿ.

10. ಬಂಡೆಗೆ ಹೋಗುವಾಗ

ಚೀಲದಲ್ಲಿ ಒಂದು ಪ್ಲಾಸ್ಟಿಕ್ ಶಾಫ್ಟ್, ನಾಲ್ಕಾರು ಪಿನ್ನು, ಎಂ3 ಮತ್ತು ಎಂ4 ಗ್ರಬ್ ಸ್ಕ್ರೂ, ಅವಕ್ಕೆ 1.5 ಮತ್ತು 2 ಮಿ.ಮೀ. ಅಲೆನ್ ಕೀ ಇರಲಿ. ಸ್ಪ್ಲೈನಿಗೆ ಗ್ರೀಸ್ ಬಳಿಯಬೇಡಿ, ಕೆಂಪು ಮಣ್ಣನ್ನು ಹಿಡಿದು ಅರದಂತೆ ಉಜ್ಜುತ್ತದೆ. ಒಣ ಟೆಫ್ಲಾನ್ ಸ್ಪ್ರೇ ಸಾಕು. ಬದಲಿ ಶಾಫ್ಟ್ ಇಲ್ಲದಿದ್ದರೂ ಗಾಡಿಯನ್ನು ಹೊತ್ತು ತರಬೇಕಾಗಿಲ್ಲ. ಕ್ರಾಲರ್‌ಗಳಲ್ಲಿ ಸಾಮಾನ್ಯವಾಗಿ ಮುಂದೆ ಹಿಂದೆ ಬಲ ಹಂಚುವ ಡಿಫರೆನ್ಷಿಯಲ್ ನಡುವೆ ಇರುವುದಿಲ್ಲ. ಮುರಿದ ಶಾಫ್ಟಿನ ಎರಡೂ ತುಂಡನ್ನು ಪೂರ್ತಿ ಬಿಚ್ಚಿ ತೆಗೆದರೆ ಉಳಿದ ಆಕ್ಸಲ್ ಒಂದೇ ಗಾಡಿಯನ್ನು ವಾಪಸು ತರುತ್ತದೆ. ತುಂಡನ್ನು ಅಲ್ಲೇ ನೇತಾಡಲು ಬಿಟ್ಟರೆ ಸುತ್ತುವ ತುದಿ ಲಿಂಕಿಗೂ ವಯರಿಗೂ ಬಡಿದು ಇನ್ನೊಂದು ರಿಪೇರಿ ತರುತ್ತದೆ.