ಗಲ್ಫ್‌ಗೆ ಹೊರಡುವ ಮುನ್ನ ರಜೆಯ ಲೆಕ್ಕ

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯಿಂದ ಗಲ್ಫ್‌ಗೆ ಹೋದವರು ಎಲ್ಲ ಧರ್ಮಗಳಲ್ಲೂ ಇದ್ದಾರೆ. ಹೊರಡುವಾಗ ವೀಸಾ, ಟಿಕೆಟ್, ಲಗೇಜಿನ ತೂಕ ಎಲ್ಲವನ್ನೂ ವಿಚಾರಿಸುತ್ತೇವೆ. ಅಲ್ಲಿನ ರಜೆಗಳನ್ನು ವಿಚಾರಿಸುವುದು ಕಡಿಮೆ. ಆದರೆ ಪ್ರಯಾಣದ ಖರ್ಚು ಮತ್ತು ಸಮಯ ಎರಡೂ ಅದರ ಮೇಲೆ ನಿಂತಿವೆ.

ಮೊದಲು ವಾರದ ರಜೆ. ಸೌದಿ ಅರೇಬಿಯಾದಲ್ಲಿ 2013ರವರೆಗೆ ಗುರುವಾರ ಮತ್ತು ಶುಕ್ರವಾರ ರಜೆಯಿತ್ತು. ಆ ವರ್ಷ ಅದು ಶುಕ್ರವಾರ, ಶನಿವಾರಕ್ಕೆ ಬದಲಾಯಿತು. ಯುಎಇ ಸರ್ಕಾರಿ ಕಚೇರಿಗಳಿಗೆ 2022ರ ಜನವರಿಯಿಂದ ಶನಿವಾರ, ಭಾನುವಾರ ರಜೆ, ಶುಕ್ರವಾರ ಅರ್ಧ ದಿನ ಕೆಲಸ. ನನ್ನ ಚಾಚಾ ರಿಯಾದ್‌ನಲ್ಲಿ, ಮಾಮು ದುಬೈಯಲ್ಲಿ. ಇಬ್ಬರಿಗೂ ಒಟ್ಟಿಗೆ ಬಿಡುವು ಸಿಗುವುದು ಶನಿವಾರ ಮಾತ್ರ. ರಿಯಾದ್‌ನ ಬ್ಯಾಂಕ್ ಗುರುವಾರ ಮುಚ್ಚಿದರೆ ತೆರೆಯುವುದು ಭಾನುವಾರ. ಅಂದು ನಮ್ಮ ಬ್ಯಾಂಕಿಗೆ ರಜೆ. ಎರಡೂ ಕಡೆ ಕೆಲಸ ನಡೆಯಬೇಕಾದರೆ ಸೋಮವಾರ ಬರಬೇಕು. ಫೀಸು ಕಟ್ಟುವ ಕೊನೆಯ ದಿನ ಶುಕ್ರವಾರವಾಗಿದ್ದರೆ ಈ ಲೆಕ್ಕ ಮೊದಲೇ ಗೊತ್ತಿರಬೇಕು.

ಎರಡನೆಯದು ರಂಜಾನ್. ಯುಎಇಯಲ್ಲಿ ಈ ತಿಂಗಳು ದಿನದ ಕೆಲಸ ಎರಡು ಗಂಟೆ ಕಡಿಮೆ. ಸೌದಿಯಲ್ಲಿ ಮುಸ್ಲಿಂ ನೌಕರರಿಗೆ ದಿನಕ್ಕೆ ಆರು ಗಂಟೆ. ಬೆಳಿಗ್ಗೆ ಬೇಗ ಹೋದರೆ ಕಚೇರಿ ಕೆಲಸ ಆಗುತ್ತದೆ. ಪೇಟೆ ಚುರುಕಾಗುವುದು ಇಫ್ತಾರ್ ನಂತರ. ಕುವೈತ್‌ನಲ್ಲಿ ಹಗಲು ಹೊತ್ತು ಸಾರ್ವಜನಿಕ ಸ್ಥಳದಲ್ಲಿ ತಿನ್ನುವುದು ಶಿಕ್ಷಾರ್ಹ, ಅನ್ಯಧರ್ಮೀಯರಿಗೂ. ಇನ್ನು ಉಪವಾಸ ಮಾಡುವ ಪ್ರಯಾಣಿಕನಿಗೆ ಇಸ್ಲಾಮಿನಲ್ಲೇ ರಿಯಾಯಿತಿಯಿದೆ: ಪ್ರಯಾಣದಲ್ಲಿ ಬಿಟ್ಟ ಉಪವಾಸವನ್ನು ನಂತರ ಪೂರೈಸಬಹುದು.

ಮೂರನೆಯದು ಚಂದ್ರದರ್ಶನ. ಹಿಜ್ರಿ ತಿಂಗಳಿಗೆ 29 ಅಥವಾ 30 ದಿನ. 2025ರಲ್ಲಿ ಸೌದಿ, ಯುಎಇಗಳಲ್ಲಿ ಮೊದಲ ಉಪವಾಸ ಮಾರ್ಚ್ 1, ಈದುಲ್ ಫಿತ್ರ್ ಮಾರ್ಚ್ 30. ನಮ್ಮಲ್ಲಿ ಮಾರ್ಚ್ 2 ಮತ್ತು 31. ಈಗ ಒಂದು ಲೆಕ್ಕ: ಒಬ್ಬರು ಕುಂದಾಪುರದಲ್ಲಿ ಉಪವಾಸ ಆರಂಭಿಸಿ ಮಧ್ಯದಲ್ಲಿ ದುಬೈಗೆ ಹೋದರೆ ಅವರಿಗೆ ಎಷ್ಟು ಉಪವಾಸ? ಮಾರ್ಚ್ 2ರಿಂದ 29ರವರೆಗೆ 28. ತಿಂಗಳಿಗೆ 29ಕ್ಕಿಂತ ಕಡಿಮೆ ಇಲ್ಲದ ಕಾರಣ ಅವರು ಅಲ್ಲಿಯವರೊಂದಿಗೆ ಈದ್ ಆಚರಿಸಿ, ಒಂದು ಉಪವಾಸವನ್ನು ನಂತರ ಪೂರೈಸಬೇಕು. ಅಲ್ಲಿಂದ ಇಲ್ಲಿಗೆ ಬಂದವರಿಗೆ 30 ಉಪವಾಸ. ಅದೇ ಮಾರ್ಚ್ 31 ನಮ್ಮ ಆರ್ಥಿಕ ವರ್ಷದ ಕೊನೆಯ ದಿನವೂ ಹೌದು. ಹಾಗಾಗಿ ಸರ್ಕಾರಿ ವ್ಯವಹಾರ ನೋಡುವ ಬ್ಯಾಂಕುಗಳು ಈದ್ ದಿನವೂ ತೆರೆದಿರಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು.

ನಾಲ್ಕನೆಯದು ಟಿಕೆಟ್ ದರ. ಸೌದಿ ಖಾಸಗಿ ನೌಕರರಿಗೆ ಪ್ರತಿ ಈದ್‌ಗೆ ನಾಲ್ಕು ದಿನ ರಜೆ. ಎಲ್ಲರೂ ಒಂದೇ ವಾರ ಮಂಗಳೂರಿಗೆ ಹೊರಟರೆ ಸೀಟುಗಳು ಹೆಚ್ಚುವುದಿಲ್ಲ, ದರ ಹೆಚ್ಚುತ್ತದೆ. ಅರ್ಥಶಾಸ್ತ್ರದಲ್ಲಿ ಓದಿದ ಬೇಡಿಕೆ ಮತ್ತು ಪೂರೈಕೆಯ ಪಾಠವೇ ಇದು. ಅದರ ಬೆಲೆ ನಮ್ಮ ಮನೆಗೆ ಗೊತ್ತು. ಚಾಚಾ ನಾಲ್ಕು ವರ್ಷದಿಂದ ಈದ್‌ಗೆ ಬಂದಿಲ್ಲ. ಆ ನಾಲ್ಕು ದಿನಕ್ಕೆ ಒಂದು ತಿಂಗಳ ಸಂಬಳ ಟಿಕೆಟ್‌ಗೆ ಹೋಗುತ್ತದೆ, ಅದರಲ್ಲೂ ದಾರಿಯಲ್ಲೇ ಒಂದೂವರೆ ದಿನ. ಅದಕ್ಕೆ ಅವರು ಹಬ್ಬವಿಲ್ಲದ ತಿಂಗಳಲ್ಲಿ ಬರುತ್ತಾರೆ. ದಾದಿ ಅವರು ಬಂದ ದಿನವೇ ಶೀರ್ ಖುರ್ಮಾ ಮಾಡುತ್ತಾರೆ.

ಹಿಜ್ರಿ ವರ್ಷ ಸುಮಾರು 11 ದಿನ ಚಿಕ್ಕದು. ಆದ್ದರಿಂದ ಹೋದ ವರ್ಷದ ತಾರೀಖು ನೋಡಿ ಈ ವರ್ಷದ ಟಿಕೆಟ್ ಮಾಡಬಾರದು. ಈದ್‌ಗೆ ಒಂದು ದಿನ ಹಿಂದೆ ಮುಂದೆ ಬಿಟ್ಟುಕೊಳ್ಳಿ. ಕಚೇರಿಯ ಕಾಗದಪತ್ರ ರಂಜಾನ್‌ನ ಕೊನೆಯ ವಾರಕ್ಕೆ ಇಡಬೇಡಿ. 2030ರಲ್ಲಿ ರಂಜಾನ್ ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಯಲ್ಲೊಮ್ಮೆ ಆರಂಭವಾಗಲಿದೆ. ಅಷ್ಟರಲ್ಲಿ ನಮ್ಮ ತರಗತಿಯ ಕೆಲವರೂ ಅಲ್ಲಿ ಕೆಲಸದಲ್ಲಿರಬಹುದು.