ಇಂಡಕ್ಷನ್ ಒಲೆ ತರುವ ಮುನ್ನ ಪ್ಲಗ್ ನೋಡಿ

ಬೆಂಗಳೂರಿನ ರಾಮಮೂರ್ತಿ ನಗರದ ಬಾಡಿಗೆ ಮನೆಗಳಲ್ಲಿ ಇಂಡಕ್ಷನ್ ಒಲೆ ಇಟ್ಟುಕೊಳ್ಳಬೇಕೆಂದಿರುವವರು ಮೊದಲು ಅಡುಗೆಮನೆಯ ಪ್ಲಗ್ ನೋಡಿ. 2,000 ವ್ಯಾಟ್ ಒಲೆ ಸುಮಾರು 9 ಆಂಪಿಯರ್ ಎಳೆಯುತ್ತದೆ. ಮಿಕ್ಸಿಗೆಂದು ಹಾಕಿಸಿದ 6 ಆಂಪಿಯರ್ ಪಾಯಿಂಟ್ ಅದನ್ನು ತಾಳುವುದಿಲ್ಲ, ಬಿಸಿಯಾಗುತ್ತದೆ, ಸುಡುತ್ತದೆ. ಎಕ್ಸ್‌ಟೆನ್ಷನ್ ಬಾಕ್ಸ್ ಅಂತೂ ಬೇಡವೇ ಬೇಡ. ಮನೆ ಮಾಲೀಕರಿಗೆ ಹೇಳಿ, ದಪ್ಪ ವೈರು, ಸರಿಯಾದ ಅರ್ತಿಂಗ್ ಇರುವ 16 ಆಂಪಿಯರ್ ಸಾಕೆಟ್ ಹಾಕಿಸಿಕೊಳ್ಳಿ. ಈ ಖರ್ಚಿನಲ್ಲಿ ಜಿಪುಣತನ ಮಾಡಬೇಡಿ.

ಪಾತ್ರೆಯ ತಳಕ್ಕೆ ಅಯಸ್ಕಾಂತ ಅಂಟಿದರೆ ಆ ಪಾತ್ರೆ ಒಲೆಗೆ ಆಗುತ್ತದೆ. ಕಾಂತಕ್ಷೇತ್ರ ತಳವನ್ನೇ ಕಾಯಿಸುವುದರಿಂದ ಮಾಮೂಲಿ ಅಲ್ಯೂಮಿನಿಯಂ ಕುಕ್ಕರ್, ತಾಮ್ರ, ಮಣ್ಣಿನ ಮಡಕೆ ಇದರ ಮೇಲೆ ಕಾಯುವುದಿಲ್ಲ. ಕಬ್ಬಿಣದ ದೋಸೆ ಕಾವಲಿ ತಳ ಸಪಾಟಾಗಿದ್ದರೆ ಸೊಗಸಾಗಿ ಕಾಯುತ್ತದೆ, ಆದರೆ ಗಾಜಿನ ಮೇಲೆ ಎಳೆದಾಡಬೇಡಿ. ಒಗ್ಗರಣೆಗೆ ಉರಿ ಕಡಿಮೆ ಇಡಿ, ಎಣ್ಣೆ ಕ್ಷಣದಲ್ಲಿ ಕಾದು ಸಾಸಿವೆ ಕರಕಲಾಗುತ್ತದೆ. ಮುದ್ದೆ ತೊಳಸುವುದನ್ನು ಮಾತ್ರ ಪಾತ್ರೆ ಕೆಳಗಿಳಿಸಿಯೇ ಮಾಡಿ. ಕೋಲು ಒತ್ತಿ ತಿರುಗಿಸುವ ರಭಸಕ್ಕೆ ಆ ಗಾಜು ಹೇಳಿ ಮಾಡಿಸಿದ್ದಲ್ಲ.

ಅಡುಗೆ ಮುಗಿದ ಕೂಡಲೇ ಗೋಡೆಯ ಸ್ವಿಚ್ ಆರಿಸಬೇಡಿ. ಒಳಗಿನ ಫ್ಯಾನ್ ತಾನಾಗಿ ನಿಲ್ಲಲಿ. ಮನೆಯಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡ ಹಿರಿಯರಿದ್ದರೆ ಒಲೆ ಕೊಳ್ಳುವ ಮೊದಲೇ ಡಾಕ್ಟರನ್ನು ಕೇಳಿ.

ಇನ್ನು ಬಿಲ್ಲು. ಪೂರ್ತಿ ಉರಿಯಲ್ಲಿ ಒಂದು ಗಂಟೆಗೆ 2 ಯೂನಿಟ್. 2023ರಲ್ಲಿ ಬಂದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯ ಲಾಭ ಪಡೆಯುತ್ತಿರುವವರು ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಹಾಗಾಗಿ ಮೊದಲ ತಿಂಗಳು ವಾರಕ್ಕೊಮ್ಮೆ ಮೀಟರ್ ನೋಡಿ. ಕರೆಂಟ್ ಹೋದ ದಿನಕ್ಕೆ ಗ್ಯಾಸ್ ಸಿಲಿಂಡರ್ ಮನೆಯಲ್ಲಿರಲಿ.